ಲೇಸರ್‌ನಿಂದ ಅಂಗಾಂಶ ಬೆಸೆಯುವ ಪ್ರೋಟೀನ್ ಸೋಲ್ಡರ್: ಪುಡಿಯಿಂದ ಪರೀಕ್ಷೆಯವರೆಗೆ ಹಂತ ಹಂತವಾಗಿ

"ಮ್ಯಾಲ ಗಟ್ಟಿ ಆಗೇತ್ರಿ ಸರ್. ಆದ್ರ ಚಿಮಟದ್ಲೆ ಎತ್ತಿದ್ರ ಸಿಪ್ಪಿಗತೆ ಎದ್ದು ಬರ್ತೈತ್ರಿ."

ಕತ್ತರಿಸಿದ ಅಂಗಾಂಶದ ಮೇಲೆ ಪ್ರೋಟೀನ್ ಪಾಕ, ಅಂದರೆ ಸೋಲ್ಡರ್, ಇಟ್ಟು ಲೇಸರ್ ಬಿಸಿಯಿಂದ ಬೆಸೆಯುವುದು ನಮ್ಮ ಪ್ರಾಜೆಕ್ಟ್. ಬೆಳಗಾವಿಯ ನಮ್ಮ ಲ್ಯಾಬಿನಲ್ಲಿ ಅದು ಶುರುವಾದ ಎರಡನೇ ವಾರಕ್ಕೆ ಈ ಮಾತು ಬಂದೇ ಬರುತ್ತದೆ. ಬಾಗಲಕೋಟೆಯಿಂದ ಬಂದ ಹುಡುಗರೂ ಇದನ್ನೇ ಹೇಳುತ್ತಾರೆ, ವಿಜಯಪುರದಿಂದ ಬಂದ ಹುಡುಗಿಯರೂ ಇದನ್ನೇ ಹೇಳುತ್ತಾರೆ. ಎಲ್ಲರೂ ಆಮೇಲೆ ಮಾಡುವ ಕೆಲಸವೂ ಒಂದೇ: ಲೇಸರ್ ಪವರ್ ಏರಿಸುತ್ತಾರೆ. ಆಗ ಮೇಲ್ಭಾಗ ಸೀದು ಕಪ್ಪಾಗುತ್ತದೆ. ಬೆಸುಗೆ ಮಾತ್ರ ಮತ್ತೆ ಎದ್ದು ಬರುತ್ತದೆ.

ಜೋಳದ ರೊಟ್ಟಿ ಬೇಯಿಸಿದವರಿಗೆ ಇದು ಗೊತ್ತಿರುವ ವಿಷಯ. ಹಂಚು ಜಾಸ್ತಿ ಕಾದರೆ ರೊಟ್ಟಿ ಹೊರಗೆ ಸೀಯುತ್ತದೆ, ಒಳಗೆ ಹಸಿ ಉಳಿಯುತ್ತದೆ. ಇಲ್ಲೂ ಹಾಗೇ. ಸೋಲ್ಡರ್ ಗಟ್ಟಿಯಾಗಬೇಕಾದ್ದು ಮೇಲಲ್ಲ, ತಳದಲ್ಲಿ. ಅದು ಅಂಗಾಂಶವನ್ನು ಮುಟ್ಟುವ ಜಾಗದಲ್ಲಿ. ಈ ಮಾರ್ಗದರ್ಶಿಯ ಪ್ರತಿ ಹಂತವನ್ನೂ ಈ ಒಂದು ಮಾತು ನೆನಪಿಟ್ಟುಕೊಂಡು ಓದಿ.

ಇದು ಲ್ಯಾಬಿನ ಮೇಜಿನ ಮೇಲೆ, ಮಟನ್ ಅಂಗಡಿಯಿಂದ ತಂದ ಅಂಗಾಂಶದ ಮೇಲೆ ಮಾಡುವ ಅಭ್ಯಾಸಕ್ಕೆ ಮಾತ್ರ. ಮನುಷ್ಯರ ಗಾಯದ ಮೇಲೆ, ನಿಮ್ಮದೇ ಚರ್ಮದ ಮೇಲೆ ಕೂಡ, ಇದನ್ನು ಮಾಡಬೇಡಿ. ಜೀವಂತ ಪ್ರಾಣಿಯ ಮೇಲೆ ಮಾಡಬೇಕಾದರೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಬೇಕೇ ಬೇಕು.

ಒಳಗೆ ಏನು ನಡೆಯುತ್ತದೆ

ಸೋಲ್ಡರ್‌ನಲ್ಲಿ ಮೂರೇ ವಸ್ತು: ಆಲ್ಬುಮಿನ್ ಪ್ರೋಟೀನ್, ಇಂಡೋಸಯನಿನ್ ಗ್ರೀನ್ ಅನ್ನುವ ಹಸಿರು ಬಣ್ಣ, ನೀರು. 808 ನ್ಯಾನೊಮೀಟರ್ ಡಯೋಡ್ ಲೇಸರ್‌ನ ಬೆಳಕನ್ನು ಬಣ್ಣ ಹೀರಿಕೊಂಡು ಬಿಸಿಯಾಗುತ್ತದೆ. ಸುಮಾರು 65 ಡಿಗ್ರಿಯ ಆಸುಪಾಸಿನಲ್ಲಿ ಆಲ್ಬುಮಿನ್ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುತ್ತದೆ. ಅಂಗಾಂಶದ ಕೊಲಾಜನ್ ನಾರುಗಳೂ ಹೆಚ್ಚುಕಡಿಮೆ ಅದೇ ಬಿಸಿಗೆ ಸಡಿಲವಾಗುತ್ತವೆ. ಎರಡೂ ಒಂದೇ ಹೊತ್ತಿಗೆ ಸಡಿಲವಾಗಿ, ಒಂದರೊಳಗೊಂದು ಹೆಣೆದುಕೊಂಡು ತಣಿದರೆ ಬೆಸುಗೆ ಕೂರುತ್ತದೆ. 100 ಡಿಗ್ರಿಯ ಹತ್ತಿರ ಹೋದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಅಂದರೆ ನಿಮಗೆ ಸಿಗುವ ಜಾಗ ತುಂಬಾ ಕಿರಿದು.

ಬೇಕಾಗುವ ಸಾಮಾನು

ಬೋವೈನ್ ಸೀರಮ್ ಆಲ್ಬುಮಿನ್ (ದನದ ರಕ್ತದಿಂದ ತೆಗೆದ ಆಲ್ಬುಮಿನ್) ಪುಡಿ, ಫ್ರಾಕ್ಷನ್ ಫೈವ್ ಅಂತ ಬಾಟಲಿಯ ಮೇಲೆ ಬರೆದಿರುವುದು. ಕಣ್ಣಿನ ಆಸ್ಪತ್ರೆಗಳಲ್ಲಿ ಬಳಸುವ 25 ಮಿಲಿಗ್ರಾಂ ಇಂಡೋಸಯನಿನ್ ಗ್ರೀನ್ ವಯಲ್. ಇಂಜೆಕ್ಷನ್‌ಗೆ ಬಳಸುವ ಶುದ್ಧ ನೀರು. 0.9 ಶೇಕಡಾ ಸಲೈನ್. ಸೂಜಿ ಇಲ್ಲದ ಸಿರಿಂಜ್‌ಗಳು ಮತ್ತು ಅವುಗಳನ್ನು ಒಂದಕ್ಕೊಂದು ಜೋಡಿಸುವ ಮೂರು ಬಾಯಿಯ ಕೀಲು, ಅಂದರೆ ಒಂದು ತ್ರೀ-ವೇ. ಗಾಜಿನ ಸ್ಲೈಡ್, ಕವರ್‌ಸ್ಲಿಪ್. ಫಿಲ್ಟರ್ ಪೇಪರ್.

808 ನ್ಯಾನೊಮೀಟರ್ ಡಯೋಡ್ ಲೇಸರ್, ಫೈಬರ್ ಜೊತೆಗೆ. ಫೈಬರ್ ಹಿಡಿಯಲು ಸ್ಟ್ಯಾಂಡ್. ಪವರ್ ಮೀಟರ್. ಅತಿಗೆಂಪು ಬೆಳಕು ತೋರಿಸುವ ಕಾರ್ಡ್. ಬಿಸಿ ಅಳೆಯುವ ಸಣ್ಣ ತಂತಿಯ ಥರ್ಮೋಕಪಲ್. ಸಾಧ್ಯವಾದರೆ ಥರ್ಮಲ್ ಕ್ಯಾಮೆರಾ.

ಇವುಗಳಲ್ಲಿ ಪವರ್ ಮೀಟರನ್ನು ಬಿಡಲೇಬೇಡಿ. ಉಳಿದವಕ್ಕೆ ಏನಾದರೂ ಬದಲಿ ಹುಡುಕಬಹುದು, ಇದಕ್ಕೆ ಆಗುವುದಿಲ್ಲ. ಎರವಲು ತಂದರೂ ಪರವಾಗಿಲ್ಲ.

ಹಂತ 1: ಕಣ್ಣು ಮೊದಲು

808 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಂಡರೂ ಮಂಕು ಕೆಂಪು. ಹಾಗಾಗಿ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಆದರೆ ಬೆಳಕು ನೇರ ಅಕ್ಷಿಪಟಲಕ್ಕೆ ಹೋಗಿ ಸುಡುತ್ತದೆ. ಅರ್ಧ ವ್ಯಾಟ್ ದಾಟಿದ ಲೇಸರ್ ನಾಲ್ಕನೇ ವರ್ಗಕ್ಕೆ ಸೇರುತ್ತದೆ. ಗೋಡೆಗೆ ಬಡಿದು ಚದುರಿದ ಬೆಳಕೂ ಹತ್ತಿರದಿಂದ ಅಪಾಯವೇ.

ಕನ್ನಡಕದ ಮೇಲೆ 808 ಸೇರುವ ತರಂಗಾಂತರದ ವ್ಯಾಪ್ತಿ ಮತ್ತು ಆಪ್ಟಿಕಲ್ ಡೆನ್ಸಿಟಿ (ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) 5 ಅಥವಾ ಜಾಸ್ತಿ ಅಂತ ಅಚ್ಚಾಗಿರಬೇಕು. ಬಣ್ಣದ ಕನ್ನಡಕ ಅಂತ ಸುಮ್ನೆ ಯಾವುದೋ ಒಂದನ್ನು ಹಾಕಿಕೊಳ್ಳಬೇಡಿ. ಹಸಿರು ಲೇಸರ್‌ನ ಕನ್ನಡಕ ಇಲ್ಲಿ ನಿಮ್ಮನ್ನು ಕಾಯುವುದಿಲ್ಲ.

ಉಂಗುರ, ಬಳೆ, ವಾಚ್ ತೆಗೆದಿಡಿ. ಹೊಳೆಯುವ ಸ್ಟೀಲ್ ಟ್ರೇ ಬೇಡ, ಒದ್ದೆ ಬ್ಯಾಂಡೇಜ್ ಬಟ್ಟೆ ಹಾಸಿದ ಪ್ಲಾಸ್ಟಿಕ್ ಟ್ರೇ ಸಾಕು. ಸ್ಪಿರಿಟ್ ಬಾಟಲಿ ಮೇಜಿನ ಮೇಲಿರಬಾರದು. ಬಾಗಿಲಿಗೆ ಫಲಕ ಹಾಕಿ. ಕೋಣೆಯಲ್ಲಿ ಇರುವ ಎಲ್ಲರೂ ಕನ್ನಡಕ ಹಾಕಿದ ಮೇಲೆಯೇ ಕೀಲಿ ತಿರುಗಿಸಿ.

ಹಂತ 2: ಆಲ್ಬುಮಿನ್ ಕರಗಿಸುವುದು

ಅರ್ಧಕ್ಕರ್ಧ ಸೋಲು ಇಲ್ಲೇ ಶುರುವಾಗುತ್ತದೆ, ಆದರೆ ಯಾರೂ ಇಲ್ಲಿ ಹುಡುಕುವುದಿಲ್ಲ.

ನಮಗೆ ಬೇಕಾದ್ದು 50 ಶೇಕಡಾ ಸೋಲ್ಡರ್, ಅಂದರೆ 10 ಮಿ.ಲೀ. ದ್ರಾವಣದಲ್ಲಿ 5 ಗ್ರಾಂ ಆಲ್ಬುಮಿನ್. ಹೆಚ್ಚಿನವರು 10 ಮಿ.ಲೀ. ನೀರಿಗೆ 5 ಗ್ರಾಂ ಪುಡಿ ಹಾಕಿಬಿಡುತ್ತಾರೆ. ಅದು 50 ಶೇಕಡಾ ಆಗುವುದಿಲ್ಲ. ಕರಗಿದ ಪ್ರೋಟೀನ್ ತಾನೂ ಜಾಗ ತಿನ್ನುತ್ತದೆ, ಗ್ರಾಂಗೆ ಸುಮಾರು 0.73 ಮಿ.ಲೀ. ಒಟ್ಟು ದ್ರಾವಣ 13.6 ಮಿ.ಲೀ. ಹತ್ತಿರ ಬಂದು ನಿಲ್ಲುತ್ತದೆ. ಸಾಂದ್ರತೆ 37 ಶೇಕಡಾಕ್ಕೆ ಇಳಿಯುತ್ತದೆ. ನಾನೂ ಮೊದಲ ಕೆಲವು ತಿಂಗಳು ಹೀಗೇ ಮಾಡಿದ್ದೆ. ಪುಸ್ತಕದಲ್ಲಿ 50 ಅಂತ ಬರೆದುಕೊಂಡು 37ರಲ್ಲಿ ಕೆಲಸ ಮಾಡುತ್ತಿದ್ದೆ. ಬೆಸುಗೆ ಯಾಕೆ ನಿಲ್ಲುತ್ತಿಲ್ಲ ಅಂತ ಲೇಸರ್ ಅನ್ನೇ ಬೈದುಕೊಳ್ಳುತ್ತಿದ್ದೆ.

ಸರಿಯಾದ ಲೆಕ್ಕ ಹೀಗಿದೆ. 5 ಗ್ರಾಂ ಆಲ್ಬುಮಿನ್ ಸುಮಾರು 3.7 ಮಿ.ಲೀ. ಜಾಗ ಹಿಡಿಯುತ್ತದೆ. ನಾಳೆ ಸೇರಿಸುವ ಬಣ್ಣದ ದ್ರಾವಣಕ್ಕೆ 1 ಮಿ.ಲೀ. ಬಿಡಿ. ಉಳಿದದ್ದು 5.3 ಮಿ.ಲೀ. ಇವತ್ತು ಹಾಕುವ ನೀರು ಅಷ್ಟೇ.

ಅಗಲ ಬಾಯಿಯ ಸಣ್ಣ ಬೀಕರ್‌ಗೆ ಮೊದಲು ನೀರು ಹಾಕಿ. ಪುಡಿಯನ್ನು ನೀರಿನ ಮೇಲೆ ತೆಳ್ಳಗೆ ಉದುರಿಸಿ. ಒಂದು ಪದರ ತಾನಾಗಿ ನೆನೆದು ಇಳಿದ ಮೇಲೆ ಇನ್ನೊಂದು ಪದರ. ಎಲ್ಲಾ ಒಟ್ಟಿಗೆ ಸುರಿದರೆ ಗಂಟಾಗುತ್ತದೆ, ಒಳಗೆ ಒಣ ಪುಡಿ ಉಳಿಯುತ್ತದೆ. ಮ್ಯಾಗ್ನೆಟಿಕ್ ಸ್ಟಿರರ್ ಜೋರಾಗಿ ತಿರುಗಿಸಬೇಡಿ. ನೊರೆ ಬಂದರೆ ಗಾಳಿಗೆ ಸಿಕ್ಕ ಪ್ರೋಟೀನ್ ಅಲ್ಲೇ ಕೆಡುತ್ತದೆ. ಆ ಗುಳ್ಳೆಗಳೇ ಆಮೇಲೆ ಲೇಸರ್ ಕೆಳಗೆ ಹಿಗ್ಗಿ ಬೆಸುಗೆಯನ್ನು ಎತ್ತುತ್ತವೆ.

ಮುಚ್ಚಿ ಫ್ರಿಜ್‌ನಲ್ಲಿಡಿ. ರಾತ್ರಿಯೆಲ್ಲಾ ಇರಲಿ. ಬೆಳಗ್ಗೆ ಜೇನಿನ ಹಾಗೆ ದಪ್ಪ, ತೆಳು ಹಳದಿ, ಆರಪಾರ ಕಾಣುವ ದ್ರಾವಣ ಸಿಗಬೇಕು. ಬೇಗ ಕರಗಲಿ ಅಂತ ಬಿಸಿ ಮಾಡಬೇಡಿ. ಬಿಸಿಗೆ ಗಟ್ಟಿಯಾಗುವ ಗುಣವನ್ನು ನಾವು ಲೇಸರ್‌ಗೆ ಅಂತ ಉಳಿಸಿಕೊಳ್ಳಬೇಕು, ಅಲ್ವಾ?

*ಎಚ್ಚರಿಕೆಯ ಗುರುತು:* ಮೋಡದ ಹಾಗೆ ಮಬ್ಬು ಇದ್ದರೆ ಪ್ರೋಟೀನ್ ಕೆಟ್ಟಿದೆ. ಎಸೆಯಿರಿ. ಮಳೆಗಾಲದಲ್ಲಿ ಬೆಳಗಾವಿಯ ಗಾಳಿಯಲ್ಲಿ ತೇವ ಜಾಸ್ತಿ. ಫ್ರಿಜ್‌ನಿಂದ ತೆಗೆದ ಪುಡಿ ಬಾಟಲಿಯನ್ನು ತಕ್ಷಣ ತೆರೆದರೆ ಒಳಗೆ ನೀರು ಹಿಡಿಯುತ್ತದೆ, ತೂಕವೂ ತಪ್ಪುತ್ತದೆ. ಬಾಟಲಿ ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ.

ಇನ್ನೊಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಆಸ್ಪತ್ರೆಯಲ್ಲಿ ಅವಧಿ ಮುಗಿದ 20 ಶೇಕಡಾ ಮಾನವ ಆಲ್ಬುಮಿನ್ ಬಾಟಲಿ ಸಿಗುತ್ತದೆ, ಅದನ್ನೇ ಬಳಸಬಹುದಾ? ಬಳಸಬೇಡಿ. ಒಂದು, ಅದು ತೆಳು, ಅಂಗಾಂಶದ ಮೇಲೆ ನಿಲ್ಲದೆ ಹರಿಯುತ್ತದೆ. ಎರಡನೆಯ ಕಾರಣ ಇನ್ನೂ ದೊಡ್ಡದು. ಆ ಬಾಟಲಿಯನ್ನು ವೈರಸ್ ಸಾಯಲಿ ಅಂತ 60 ಡಿಗ್ರಿಯಲ್ಲಿ 10 ಗಂಟೆ ಇಟ್ಟಿರುತ್ತಾರೆ. ಆ ಬಿಸಿಗೆ ಗಟ್ಟಿಯಾಗದಿರಲಿ ಅಂತ ಕ್ಯಾಪ್ರಿಲೇಟ್‌ನಂಥ ರಕ್ಷಕಗಳನ್ನು ಸೇರಿಸಿರುತ್ತಾರೆ. ಹಾಗಾಗಿ ಅದು ಮಾಮೂಲಿ ಪುಡಿಗಿಂತ ಜಾಸ್ತಿ ಬಿಸಿ ಕೇಳುತ್ತದೆ. ನೀವು ಕಾಯುತ್ತೀರಿ, ಅಂಗಾಂಶ ಸುಡುತ್ತದೆ.

ಕೊಬ್ಬಿನ ಆಮ್ಲ ತೆಗೆದ ಆಲ್ಬುಮಿನ್ ಪುಡಿಯೂ ಮಾರುಕಟ್ಟೆಯಲ್ಲಿದೆ. ಅದು ಮಾಮೂಲಿಗಿಂತ ಕಡಿಮೆ ಬಿಸಿಗೇ ಗಟ್ಟಿಯಾಗುತ್ತದೆ. ಯಾವುದನ್ನಾದರೂ ಬಳಸಿ, ಆದರೆ ಪ್ರಾಜೆಕ್ಟ್ ನಡುವೆ ಬದಲಿಸಬೇಡಿ.

ಹಂತ 3: ಬಣ್ಣ ಸೇರಿಸುವುದು

ಇದನ್ನು ಲೇಸರ್ ಹಚ್ಚುವ ದಿನವೇ ಮಾಡಿ. ಇಂಡೋಸಯನಿನ್ ಗ್ರೀನ್ ನೀರಿಗೆ ಬಿದ್ದ ಕ್ಷಣದಿಂದ ಕೆಡಲು ಶುರುವಾಗುತ್ತದೆ. ಬೆಳಕು ತಾಕಿದರೆ ಇನ್ನೂ ಬೇಗ. ಕರಗಿಸಿದ ವಯಲ್ ಅನ್ನು 6 ಗಂಟೆಯೊಳಗೆ ಮುಗಿಸಿ.

25 ಮಿಲಿಗ್ರಾಂ ವಯಲ್‌ಗೆ 10 ಮಿ.ಲೀ. ಶುದ್ಧ ನೀರು ಹಾಕಿ. ಮಿ.ಲೀ.ಗೆ 2.5 ಮಿಲಿಗ್ರಾಂ ಆಯಿತು. ಸಲೈನ್ ಹಾಕಬೇಡಿ. ಉಪ್ಪಿನ ನೀರಿನಲ್ಲಿ ಈ ಬಣ್ಣ ಒಂದಕ್ಕೊಂದು ಅಂಟಿ ಕಣ ಕಟ್ಟುತ್ತದೆ. ಇದರಲ್ಲಿ 1 ಮಿ.ಲೀ. ತೆಗೆದು ನಿನ್ನೆಯ ಆಲ್ಬುಮಿನ್‌ಗೆ ಸೇರಿಸಿದರೆ, 10 ಮಿ.ಲೀ. ಸೋಲ್ಡರ್‌ನಲ್ಲಿ ಮಿ.ಲೀ.ಗೆ 0.25 ಮಿಲಿಗ್ರಾಂ ಬಣ್ಣ ಬರುತ್ತದೆ. ಒಂದು ವಯಲ್ ಹತ್ತು ತಂಡಕ್ಕೆ ಸಾಕು. ಹಾಗಾಗಿ ತಂಡಗಳು ಮಾತಾಡಿಕೊಂಡು ಒಂದೇ ದಿನ ಇಟ್ಟುಕೊಳ್ಳಿ, ದುಡ್ಡು ಉಳಿಯುತ್ತದೆ.

ದಪ್ಪ ಪಾಕಕ್ಕೆ ತೆಳು ಬಣ್ಣ ಬೆರೆಸುವುದು ಕಷ್ಟ. ಚಮಚದಿಂದ ಕಲಕಿದರೆ ಹಸಿರು ಗೆರೆಗಳು ಹಾಗೇ ಉಳಿಯುತ್ತವೆ. ಒಂದು ಸಿರಿಂಜ್‌ನಲ್ಲಿ ಆಲ್ಬುಮಿನ್, ಇನ್ನೊಂದರಲ್ಲಿ ಬಣ್ಣ ತುಂಬಿ. ಗಾಳಿ ಪೂರ್ತಿ ಹೊರಗೆ ತಳ್ಳಿ. ಎರಡನ್ನೂ ತ್ರೀ-ವೇಗೆ ಜೋಡಿಸಿ ಆ ಕಡೆ ಈ ಕಡೆ ನಿಧಾನವಾಗಿ ತಳ್ಳಿ, ಬಣ್ಣ ಎಲ್ಲಾ ಕಡೆ ಒಂದೇ ಆಗುವವರೆಗೆ. ಆಮೇಲೆ ಸಿರಿಂಜ್‌ಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಮೂತಿ ಮೇಲೆ ಮಾಡಿ, ಫ್ರಿಜ್‌ನಲ್ಲಿ ಅರ್ಧ ಗಂಟೆ ನಿಲ್ಲಿಸಿ. ಗುಳ್ಳೆ ಮೇಲೇರಲಿ.

ಬಣ್ಣ ಜಾಸ್ತಿ ಹಾಕಿದರೆ ಬಿಸಿ ಜಾಸ್ತಿ, ಬೆಸುಗೆ ಗಟ್ಟಿ ಅಂತ ಅನ್ನಿಸುತ್ತದೆ. ಇದೇ ದೊಡ್ಡ ಮೋಸ. 0.25 ಮಿಲಿಗ್ರಾಂನಲ್ಲೇ ಬೆಳಕಿನ ಹೆಚ್ಚಿನ ಪಾಲು ಮೊದಲ 0.1 ಮಿಲಿಮೀಟರ್‌ನೊಳಗೆ ಮುಗಿದುಹೋಗುತ್ತದೆ. ತಳಕ್ಕೆ ಬಿಸಿ ಹೋಗುವುದು ಮೇಲಿಂದ ಹರಿದು. ಬಣ್ಣವನ್ನು ಹತ್ತು ಪಟ್ಟು ಮಾಡಿದರೆ ಬೆಳಕೆಲ್ಲಾ ಮೇಲಿನ ತೊಗಟೆಯಲ್ಲೇ ನಿಲ್ಲುತ್ತದೆ. ಮೇಲೆ ಹಪ್ಪಳ, ಕೆಳಗೆ ಪಾಕ. ಸಿಪ್ಪೆಯ ಹಾಗೆ ಏಳುವ ಬೆಸುಗೆಗೆ ನಾನು ಕಂಡ ಮೊದಲ ಕಾರಣ ಇದು.

ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಸೋಲ್ಡರ್ ಅನ್ನು ನೂರು ಪಟ್ಟು ತೆಳು ಮಾಡಿ ನೋಡಿ. ಬರೀ ನೀರಿನಲ್ಲಿ ಈ ಬಣ್ಣದ ಶಿಖರ, ಅಂದರೆ ಅದು ಬೆಳಕನ್ನು ಅತಿ ಜಾಸ್ತಿ ಹೀರುವ ತರಂಗಾಂತರ, 780 ನ್ಯಾನೊಮೀಟರ್ ಹತ್ತಿರ ಇರುತ್ತದೆ. ಆಲ್ಬುಮಿನ್‌ಗೆ ಅಂಟಿಕೊಂಡ ಮೇಲೆ 805ರ ಹತ್ತಿರ ಸರಿಯುತ್ತದೆ. 808 ಲೇಸರ್ ಆರಿಸಿದ್ದು ಅದಕ್ಕೇ. ಶಿಖರ ಸರಿದಿಲ್ಲ ಅಂದರೆ ಬೆರೆತಿಲ್ಲ.

ಬಾಗಲಕೋಟೆ, ವಿಜಯಪುರಕ್ಕೆ ಸೋಲ್ಡರ್ ಒಯ್ಯುವವರಿಗೆ ಒಂದು ಮಾತು. ಏಪ್ರಿಲ್, ಮೇ ಬಿಸಿಲಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಬ್ಯಾಗ್ ಇಟ್ಟರೆ ಬಣ್ಣ ಅಲ್ಲೇ ಹೋಯಿತು. ಆಲ್ಬುಮಿನ್ ದ್ರಾವಣವನ್ನು ಐಸ್ ಹಾಕಿದ ಡಬ್ಬಿಯಲ್ಲಿ ಒಯ್ಯಿರಿ, ಬಣ್ಣದ ವಯಲ್ ಅನ್ನು ಪುಡಿಯಾಗಿಯೇ ಒಯ್ಯಿರಿ. ಅಲ್ಲಿ ಹೋಗಿ ಬೆರೆಸಿ.

ಹಂತ 4: ಲೇಸರ್‌ಗೆ ಮೊದಲು ಬಿಸಿನೀರಿನ ಪರೀಕ್ಷೆ

ಹತ್ತು ನಿಮಿಷದ ಕೆಲಸ. ತೆಳು ಗಾಜಿನ ಕೊಳವೆಗಳಲ್ಲಿ ಒಂದೊಂದು ಹನಿ ಸೋಲ್ಡರ್ ತುಂಬಿ. ನೀರನ್ನು 50, 55, 60, 65, 70, 75 ಡಿಗ್ರಿಗೆ ಏರಿಸುತ್ತಾ ಪ್ರತಿ ಹಂತದಲ್ಲಿ ಒಂದು ಕೊಳವೆಯನ್ನು ಒಂದು ನಿಮಿಷ ಮುಳುಗಿಸಿ. ಯಾವ ಡಿಗ್ರಿಯಲ್ಲಿ ಹರಿಯುವುದು ನಿಂತು ಮಬ್ಬಾಗುತ್ತದೋ ಅದನ್ನು ಬರೆದಿಡಿ. ತಳದಲ್ಲಿ ನೀವು ಮುಟ್ಟಬೇಕಾದ ಬಿಸಿ ಅದು. 75ಕ್ಕೂ ಹರಿಯುತ್ತಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ.

ಹಂತ 5: ಅಂಗಾಂಶ ತರುವುದು, ಸಿದ್ಧ ಮಾಡುವುದು

ಬೆಳಗ್ಗೆ ಬೇಗ ಮಟನ್ ಅಂಗಡಿಗೆ ಹೋಗಿ. ಕುರಿ ಅಥವಾ ಆಡಿನ ಸಣ್ಣ ಕರುಳು ಕೇಳಿ. ಬಿಸಿನೀರು, ಸುಣ್ಣ ಹಾಕದೆ ಕೊಡಿ ಅಂತ ಮೊದಲೇ ಹೇಳಿ. ಅಡುಗೆಗೆ ಅಂತ ತೊಳೆದ ಕರುಳಿನಲ್ಲಿ ಕೊಲಾಜನ್ ಆಗಲೇ ಸುಕ್ಕುಗಟ್ಟಿರುತ್ತದೆ, ಅದರ ಮೇಲೆ ಯಾವ ಬೆಸುಗೆಯೂ ಕೂರುವುದಿಲ್ಲ. ಮಹಾಪಧಮನಿ ಬೇಕಾದರೆ ಗುಂಡಿಗೆಯಿಂದ ಹೊರಡುವ ದಪ್ಪ ನಾಳವನ್ನು ಉದ್ದ ಬಿಟ್ಟು ಕೊಯ್ಯಲು ಹೇಳಿ. ಇಲ್ಲದಿದ್ದರೆ ಬುಡಕ್ಕೇ ಕತ್ತರಿಸಿಬಿಡುತ್ತಾರೆ.

ತಣ್ಣನೆ ಸಲೈನ್‌ನಲ್ಲಿ ಹಾಕಿ, ಐಸ್ ಮೇಲಿಟ್ಟು ತನ್ನಿ. ಅದೇ ದಿನ ಬಳಸಿ. ಫ್ರೀಜರ್‌ಗೆ ಹಾಕಬೇಡಿ, ಹಿಮದ ಹರಳು ನಾರುಗಳನ್ನು ಹರಿಯುತ್ತದೆ.

ಹೊರಗಿನ ಕೊಬ್ಬನ್ನು ತಾಳ್ಮೆಯಿಂದ ಬಿಡಿಸಿ. ಕೊಬ್ಬಿನ ಮೇಲೆ ಸೋಲ್ಡರ್ ಹಿಡಿಯುವುದಿಲ್ಲ. ಬ್ಲೇಡ್ ಹೊಸದಾಗಿರಲಿ. ಅಂಚುಗಳು ಎಳೆತವಿಲ್ಲದೆ ತಾವಾಗಿ ಕೂಡಬೇಕು. ಬೇಕಾದರೆ ಎರಡು ತುದಿಗೆ ಒಂದೊಂದು ಹೊಲಿಗೆ ಹಾಕಿ. ನಡುವೆ ಸಂದು ಉಳಿದರೆ ಸೋಲ್ಡರ್ ಒಳಗೆ ಇಳಿಯುತ್ತದೆ. ರಕ್ತನಾಳದಲ್ಲಿ ಅದು ದಾರಿಗೆ ಅಡ್ಡ ಬರುತ್ತದೆ.

ಸೋಲ್ಡರ್ ಹಾಕುವ ಮೊದಲು ಮೇಲ್ಮೈಯ ನೀರನ್ನು ಫಿಲ್ಟರ್ ಪೇಪರ್‌ನಿಂದ ಒತ್ತಿ ತೆಗೆಯಿರಿ. ಹತ್ತಿ ಬೇಡ, ಎಳೆ ಉಳಿಯುತ್ತದೆ. ನೀರು ನಿಂತಿರಬಾರದು, ಹಾಗಂತ ಒಣಗಿಯೂ ಇರಬಾರದು. ಬೆರಳಿಗೆ ತೇವ ತಾಕಬೇಕು, ಹನಿ ಅಂಟಬಾರದು. ವಿಜಯಪುರದ ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಎರಡೇ ನಿಮಿಷಕ್ಕೆ ಅಂಚು ಒಣಗಿ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಕೆಲಸ ಮುಗಿಯುವವರೆಗೆ ಫ್ಯಾನ್ ನಿಲ್ಲಿಸಿ.

ಹಂತ 6: ಪದರದ ದಪ್ಪ

ದ್ರವ ಸೋಲ್ಡರ್ ಅನ್ನು ಹನಿ ಹನಿಯಾಗಿ ಹಾಕಿದರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬಯಲು. ದಪ್ಪ ಕಡೆ ತಳ ಹಸಿ ಉಳಿಯುತ್ತದೆ, ತೆಳು ಕಡೆ ಸೀಯುತ್ತದೆ. 0.15ರಿಂದ 0.2 ಮಿಲಿಮೀಟರ್ ದಪ್ಪ ಸಾಕು.

ಅಳತೆಗೆ ಸುಲಭದ ದಾರಿ ಕವರ್‌ಸ್ಲಿಪ್. ಒಂದನೇ ನಂಬರ್ ಕವರ್‌ಸ್ಲಿಪ್‌ನ ದಪ್ಪ 0.13ರಿಂದ 0.16 ಮಿಲಿಮೀಟರ್. ಗಾಜಿನ ಸ್ಲೈಡ್‌ನ ಎರಡು ಬದಿಗೆ ಒಂದೊಂದು ಕವರ್‌ಸ್ಲಿಪ್ ಅಂಟಿಸಿ, ನಡುವೆ ಸೋಲ್ಡರ್ ಇಟ್ಟು, ಇನ್ನೊಂದು ಸ್ಲೈಡ್‌ನಿಂದ ಒತ್ತಿ. 60 ಶೇಕಡಾ ಸೋಲ್ಡರ್ ಮಾಡಿದರೆ (ಹಂತ 2ರ ಲೆಕ್ಕದ ಹಾಗೆಯೇ, 10 ಮಿ.ಲೀ. ದ್ರಾವಣದಲ್ಲಿ 6 ಗ್ರಾಂ) ಹಿಟ್ಟಿನ ಹಾಗೆ ಗಟ್ಟಿ ಇರುತ್ತದೆ, ಹೀಗೆ ಒತ್ತಿ ಪಟ್ಟಿ ಕತ್ತರಿಸಬಹುದು. ಒದ್ದೆ ಜಾಗದಲ್ಲಿ ಪಟ್ಟಿಯೇ ಒಳ್ಳೆಯದು, ಹರಿದು ಹೋಗುವುದಿಲ್ಲ. ಮೊದಲ ಸಲ ಮಾಡುವವರಿಗೆ ನಾನು ಪಟ್ಟಿಯನ್ನೇ ಹೇಳುತ್ತೇನೆ.

ಕತ್ತರಿಸಿದ ಗೆರೆಯ ಎರಡೂ ಬದಿಗೆ 4ರಿಂದ 5 ಮಿಲಿಮೀಟರ್ ಹರಡುವ ಹಾಗೆ ಪಟ್ಟಿ ಇಡಿ. ಬೆರಳಿನಿಂದ ಹಗುರವಾಗಿ ಒತ್ತಿ ಕೆಳಗಿನ ಗಾಳಿ ಹೊರಡಿಸಿ.

ಹಂತ 7: ಲೇಸರ್ ಅಳೆಯುವುದು

ಯಂತ್ರದ ಪರದೆಯಲ್ಲಿ ಕಾಣುವ ಸಂಖ್ಯೆಯನ್ನು ನಂಬಬೇಡಿ. ಫೈಬರ್ ತುದಿಯಲ್ಲಿ ಎಷ್ಟು ಬರುತ್ತದೆ ಅಂತ ಪವರ್ ಮೀಟರ್‌ನಲ್ಲಿ ಅಳೆಯಿರಿ. ತುದಿಗೆ ಒಣಗಿದ ಸೋಲ್ಡರ್ ಮೆತ್ತಿದ್ದರೆ ಪವರ್ ಬೀಳುತ್ತದೆ. ಪ್ರತಿ ಹತ್ತು ಬೆಸುಗೆಗೆ ಒಮ್ಮೆ ಅಳೆಯಿರಿ.

ಪವರ್‌ಗಿಂತ ಮುಖ್ಯ ತೀವ್ರತೆ, ಅಂದರೆ ಪವರ್ ಅನ್ನು ಬೆಳಕು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದ್ದು. 4 ಮಿಲಿಮೀಟರ್ ವ್ಯಾಸದ ಚುಕ್ಕೆಯ ವಿಸ್ತೀರ್ಣ 0.126 ಚದರ ಸೆಂಟಿಮೀಟರ್. ಅದಕ್ಕೆ 0.8 ವ್ಯಾಟ್ ಕೊಟ್ಟರೆ ಚದರ ಸೆಂಟಿಮೀಟರ್‌ಗೆ ಸುಮಾರು 6.4 ವ್ಯಾಟ್. ಶುರು ಮಾಡಲು ಇದು ಒಳ್ಳೆಯ ಜಾಗ. ಅದೇ 0.8 ವ್ಯಾಟ್ ಅನ್ನು 2 ಮಿಲಿಮೀಟರ್ ಚುಕ್ಕೆಗೆ ಇಳಿಸಿದರೆ ತೀವ್ರತೆ 25 ದಾಟುತ್ತದೆ. ಪರದೆಯ ಮೇಲೆ ಸಂಖ್ಯೆ ಬದಲಾಗಿರುವುದಿಲ್ಲ, ಅಂಗಾಂಶ ಸುಟ್ಟಿರುತ್ತದೆ.

ಕೈಯಲ್ಲಿ ಫೈಬರ್ ಹಿಡಿಯಬೇಡಿ ಅನ್ನುವುದು ಅದಕ್ಕೇ. ಲೆನ್ಸ್ ಇಲ್ಲದ ಫೈಬರ್‌ನಿಂದ ಬೆಳಕು ಶಂಕುವಿನ ಹಾಗೆ ಹರಡುತ್ತದೆ. ಸಾಮಾನ್ಯ 0.22 ನ್ಯೂಮರಿಕಲ್ ಅಪರ್ಚರ್‌ನ (ಬೆಳಕು ಎಷ್ಟು ಅಗಲ ಹರಡುತ್ತದೆ ಅನ್ನುವ ಅಳತೆ), 0.4 ಮಿಲಿಮೀಟರ್ ದಪ್ಪದ ಫೈಬರ್ 8 ಮಿಲಿಮೀಟರ್ ದೂರದಲ್ಲಿ 4 ಮಿಲಿಮೀಟರ್ ಚುಕ್ಕೆ ಕೊಡುತ್ತದೆ. ಕೈ 2 ಮಿಲಿಮೀಟರ್ ಹತ್ತಿರ ಬಂದರೆ ತೀವ್ರತೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಯಾರ ಕೈ ಅಷ್ಟು ಸ್ಥಿರ ಇರುತ್ತದೆ ಹೇಳಿ? ಸ್ಟ್ಯಾಂಡ್‌ಗೆ ಕಟ್ಟಿ. ಅತಿಗೆಂಪು ಕಾರ್ಡ್ ಮೇಲೆ ಚುಕ್ಕೆ ಬೀಳಿಸಿ ಸ್ಕೇಲ್ ಇಟ್ಟು ಅಳೆಯಿರಿ.

ಹಂತ 8: ಬೆಸೆಯುವುದು

ಮೊದಲ ನಾಲ್ಕೈದು ತುಂಡುಗಳನ್ನು ಬರೀ ಬಿಸಿ ತಿಳಿಯಲು ಇಟ್ಟುಕೊಳ್ಳಿ. ಸೋಲ್ಡರ್ ಮತ್ತು ಅಂಗಾಂಶದ ನಡುವೆ ಥರ್ಮೋಕಪಲ್ ತಂತಿ ಇಡಿ. ಮೇಲಿನಿಂದ ಥರ್ಮಲ್ ಕ್ಯಾಮೆರಾ ನೋಡಲಿ. ಮೇಲ್ಮೈ ಎಷ್ಟಿದ್ದಾಗ ತಳ ಎಷ್ಟಿರುತ್ತದೆ ಅಂತ ಜೋಡಿ ಜೋಡಿಯಾಗಿ ಬರೆಯಿರಿ. ನಮ್ಮ ಮೇಜಿನ ಮೇಲೆ ಮೇಲ್ಮೈ 80 ದಾಟಿದ ಮೇಲೆಯೇ ತಳ 65 ಮುಟ್ಟುವುದು ಸಾಮಾನ್ಯ. ನಿಮ್ಮ ಪದರದ ದಪ್ಪಕ್ಕೆ ಅದು ಬೇರೆ ಇರಬಹುದು. ತಂತಿ ಇಟ್ಟ ತುಂಡುಗಳನ್ನು ಬಲದ ಪರೀಕ್ಷೆಗೆ ಬಳಸಬೇಡಿ.

ಜ್ವರ ನೋಡುವ ಗನ್‌ನಂಥ ಅತಿಗೆಂಪು ಥರ್ಮಾಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. 12ಕ್ಕೆ 1 ಅನುಪಾತದ ಗನ್ 20 ಸೆಂಟಿಮೀಟರ್ ದೂರದಿಂದ 17 ಮಿಲಿಮೀಟರ್ ಅಗಲದ ಜಾಗವನ್ನು ನೋಡುತ್ತದೆ. ನಿಮ್ಮ ಚುಕ್ಕೆ 4 ಮಿಲಿಮೀಟರ್. ಸುತ್ತಲಿನ ತಣ್ಣನೆ ಅಂಗಾಂಶವೂ ಲೆಕ್ಕಕ್ಕೆ ಸೇರುತ್ತದೆ. ಗನ್ 50 ಅನ್ನುವಾಗ ಚುಕ್ಕೆ ಕುದಿಯುತ್ತಿರಬಹುದು.

ಈಗ ನಿಜವಾದ ತುಂಡು. ಪಟ್ಟಿಯ ಎರಡು ತುದಿಗಳನ್ನು ಮೊದಲು ಹಿಡಿಸಿ, ಆಮೇಲೆ ಗೆರೆಯ ಉದ್ದಕ್ಕೆ ಹೋಗಿ. ಒಂದು ಚುಕ್ಕೆಯಲ್ಲಿ ಬಿಸಿ ಮುಟ್ಟುವವರೆಗೆ ನಿಲ್ಲಿ. ಮುಟ್ಟಿದ ಮೇಲೆ 20 ಸೆಕೆಂಡ್ ಹಾಗೇ ಹಿಡಿಯಿರಿ, ತಳಕ್ಕೆ ಇಳಿಯಲು ಸಮಯ ಬೇಕು. ಆಮೇಲೆ 2 ಮಿಲಿಮೀಟರ್ ಮುಂದೆ ಸರಿಸಿ. ಚುಕ್ಕೆಗಳು ಅರ್ಧದಷ್ಟು ಒಂದರ ಮೇಲೊಂದು ಬೀಳಲಿ. ಕೊನೆಗೆ ಪಟ್ಟಿಯ ಹೊರ ಅಂಚು. ಅವಸರ ಬೇಡ.

*ಸರಿಯಾಗಿದೆ ಅನ್ನುವ ಗುರುತು:* ಹೊಳಪು ಹೋಗುತ್ತದೆ. ಕಡು ಹಸಿರು ಮಾಸಿ ಬೆಂದ ಮೊಟ್ಟೆಯ ಬಿಳಿಯ ಹಾಗೆ ಮಬ್ಬಾಗುತ್ತದೆ. ಅಂಚು ಅಂಗಾಂಶಕ್ಕೆ ಅಪ್ಪಿಕೊಂಡು ಕೂರುತ್ತದೆ.

*ನಿಲ್ಲಿಸಬೇಕು ಅನ್ನುವ ಗುರುತು:* ಚಟ್ ಅನ್ನುವ ಸದ್ದು. ಅದು ಆವಿಯ ಗುಳ್ಳೆ, ಒಳಗೆ ನೀರು ಕುದಿದಿದೆ. ಕಂದು ಬಣ್ಣ. ಹೊಗೆ. ಪಟ್ಟಿಯ ಅಂಚು ಮೇಲಕ್ಕೆ ಸುರುಳಿಯಾಗುವುದು, ಅಂದರೆ ಮೇಲೆ ಮಾತ್ರ ಒಣಗುತ್ತಿದೆ. ಪಟ್ಟಿಯ ಹೊರಗೆ ಅಂಗಾಂಶ ಬೆಳ್ಳಗಾಗಿ ಸುಕ್ಕುಗಟ್ಟುವುದು.

ಬಣ್ಣ ಮಾಸಿದ ಜಾಗಕ್ಕೆ ಮತ್ತೆ ಲೇಸರ್ ಹಿಡಿದರೆ ಏನೂ ಆಗುವುದಿಲ್ಲ ಅಂತ ಹಲವರು ಪವರ್ ಏರಿಸುತ್ತಾರೆ. ಬೆಳಕಿಗೆ ಬಣ್ಣವೇ ಸತ್ತಿರುತ್ತದೆ, ಹೀರುವವರು ಯಾರೂ ಇಲ್ಲ. ಬೆಳಕು ನೇರ ಅಂಗಾಂಶದ ಆಳಕ್ಕೆ ಇಳಿಯುತ್ತದೆ. ಎಲ್ಲಾದರೂ ಒಂದು ಕಪ್ಪು ಚುಕ್ಕೆ ಮೂಡಿದರೆ ಆ ಇದ್ದಿಲು ಬೆಳಕನ್ನು ಬಾಚಿ ಹೀರಿಕೊಂಡು ಕ್ಷಣದಲ್ಲಿ ಸುಡುತ್ತದೆ. ಮಾಸಿದ ಜಾಗ ಹಿಡಿದಿಲ್ಲ ಅಂದರೆ ಆ ತುಂಡನ್ನು ಬಿಟ್ಟು ಹೊಸದು ತೆಗೆದುಕೊಳ್ಳಿ.

ಹಂತ 9: ನೆನೆಸಿ, ಆಮೇಲೆ ಎಳೆಯಿರಿ

ಬೆಸೆದ ಕೂಡಲೇ ಎಳೆದು ನೋಡಿದರೆ ಸಂಖ್ಯೆ ಚೆನ್ನಾಗಿ ಬರುತ್ತದೆ. ಅದು ಒಣಗಿದ ಅಂಟಿನ ಬಲ, ಬೆಸುಗೆಯದಲ್ಲ. ದೇಹದ ಒಳಗೆ ಎಲ್ಲಾ ಒದ್ದೆ. 37 ಡಿಗ್ರಿ ಸಲೈನ್‌ನಲ್ಲಿ ಕನಿಷ್ಠ ಒಂದು ಗಂಟೆ ನೆನೆಸಿ. ತಳ ಬೇಯದ ಬೆಸುಗೆ ಇಲ್ಲೇ ತಾನಾಗಿ ತೇಲಿ ಬರುತ್ತದೆ.

ಎಳೆಯುವ ಯಂತ್ರ ಇಲ್ಲದಿದ್ದರೆ ಪರವಾಗಿಲ್ಲ. 10 ಮಿಲಿಮೀಟರ್ ಅಗಲದ ತುಂಡನ್ನು ಮೇಲೆ ಒಂದು ಕ್ಲಿಪ್‌ಗೆ ನೇತು ಹಾಕಿ. ಕೆಳಗಿನ ಕ್ಲಿಪ್‌ಗೆ ಖಾಲಿ ಪ್ಲಾಸ್ಟಿಕ್ ಬಾಟಲಿ ಕಟ್ಟಿ. ಡ್ರಿಪ್ ಸೆಟ್‌ನಿಂದ ಬಾಟಲಿಗೆ ನಿಧಾನವಾಗಿ ನೀರು ಬಿಡಿ. ಬೆಸುಗೆ ಬಿಟ್ಟ ತಕ್ಷಣ ನೀರು ನಿಲ್ಲಿಸಿ, ಬಾಟಲಿ ಮತ್ತು ಕ್ಲಿಪ್ ಒಟ್ಟಿಗೆ ತೂಕ ಮಾಡಿ. 102 ಗ್ರಾಂ ಅಂದರೆ 1 ನ್ಯೂಟನ್.

ಕರುಳು, ರಕ್ತನಾಳಕ್ಕೆ ಒತ್ತಡದ ಪರೀಕ್ಷೆ ಬೇಕು. ಒಂದು ತುದಿ ಕಟ್ಟಿ, ಇನ್ನೊಂದಕ್ಕೆ ಡ್ರಿಪ್ ಟ್ಯೂಬ್ ಜೋಡಿಸಿ. ಸಲೈನ್‌ಗೆ ಎರಡು ಹನಿ ಮಿಥಿಲೀನ್ ಬ್ಲೂ ಹಾಕಿದರೆ ಸೋರುವುದು ತಕ್ಷಣ ಕಾಣುತ್ತದೆ. ಬಾಟಲಿಯನ್ನು 10 ಸೆಂಟಿಮೀಟರ್ ಏರಿಸಿ, ಅರ್ಧ ನಿಮಿಷ ಕಾಯಿರಿ, ಮತ್ತೆ ಏರಿಸಿ. ಬಾಟಲಿಯ ಒಳಗಿನ ನೀರಿನ ಮಟ್ಟದಿಂದ ಬೆಸುಗೆಯವರೆಗಿನ ಎತ್ತರ ಅಳೆಯಿರಿ. 100 ಸೆಂಟಿಮೀಟರ್ ನೀರು ಸುಮಾರು 74 ಮಿಲಿಮೀಟರ್ ಪಾದರಸಕ್ಕೆ ಸಮ. ಆರೋಗ್ಯವಂತರ ಮೇಲಿನ ರಕ್ತದೊತ್ತಡ 120 ಮುಟ್ಟಬೇಕಾದರೆ 163 ಸೆಂಟಿಮೀಟರ್ ಎತ್ತರ ಬೇಕು.

ಜೊತೆಗೆ ಮೂರು ಹೋಲಿಕೆ ಇಟ್ಟುಕೊಳ್ಳಿ: ಬರೀ ಹೊಲಿಗೆ ಹಾಕಿದ್ದು, ಲೇಸರ್ ಇಲ್ಲದ ಸೋಲ್ಡರ್, ಸೋಲ್ಡರ್ ಇಲ್ಲದ ಲೇಸರ್. ಪ್ರತಿಯೊಂದರಲ್ಲೂ ಎಂಟು ತುಂಡಾದರೂ ಇರಲಿ. ಎರಡು ತುಂಡು ನೋಡಿ ತೀರ್ಮಾನ ಬರೆಯಬೇಡಿ.

ಹಂತ 10: ಮುರಿದ ಜಾಗ ನೋಡುವುದು

ಬಲದ ಸಂಖ್ಯೆಗಿಂತ ಮುರಿದ ಜಾಗ ಜಾಸ್ತಿ ಹೇಳುತ್ತದೆ. ಪ್ರತಿ ತುಂಡನ್ನೂ ಭೂತಗನ್ನಡಿಯಲ್ಲಿ ನೋಡಿ ಬರೆಯಿರಿ.

ಪಟ್ಟಿ ಪೂರ್ತಿ ಎದ್ದು, ಕೆಳಗಿನ ಮೈ ಇನ್ನೂ ಹಸಿರಾಗಿ ಜಾರುತ್ತಿದ್ದರೆ ತಳ ಬೆಂದಿಲ್ಲ. ಬಣ್ಣ ಜಾಸ್ತಿ, ಪದರ ದಪ್ಪ, ಅಥವಾ ಹಿಡಿದ ಸಮಯ ಕಡಿಮೆ. ಪವರ್ ಏರಿಸುವುದು ಇದಕ್ಕೆ ಮದ್ದಲ್ಲ. ಪವರ್ ಸ್ವಲ್ಪ ಇಳಿಸಿ ಸಮಯ ಹೆಚ್ಚಿಸಿ.

ಪಟ್ಟಿ ಪೂರ್ತಿ ಎದ್ದರೂ ಕೆಳಗಿನ ಮೈ ಮಬ್ಬಾಗಿ ಗಟ್ಟಿಯಾಗಿದ್ದರೆ ಸೋಲ್ಡರ್ ಬೆಂದಿದೆ, ಅಂಗಾಂಶ ಹಿಡಿದುಕೊಂಡಿಲ್ಲ. ನೀರು ನಿಂತಿತ್ತು ಅಥವಾ ಕೊಬ್ಬು ಉಳಿದಿತ್ತು. ಹಂತ 5 ಮತ್ತೆ ಮಾಡಿ.

ಪಟ್ಟಿ ನಡುವೆ ಬಿರಿದು, ಎರಡೂ ತುಂಡು ಅಂಗಾಂಶಕ್ಕೆ ಅಂಟಿಕೊಂಡೇ ಇದ್ದರೆ ಖುಷಿಪಡಿ, ತಳ ಕೂತಿದೆ. ಈಗ ಸೋಲ್ಡರ್ ಅನ್ನೇ ಗಟ್ಟಿ ಮಾಡಬೇಕು. ಬಿರುಕಿನಲ್ಲಿ ಗುಳ್ಳೆ ಕಂಡರೆ ಬಿಸಿ ಇಳಿಸಿ. ಗುಳ್ಳೆ ಇಲ್ಲದೆ, ಬಳಸಿದ್ದು 50 ಶೇಕಡಾ ಸೋಲ್ಡರ್ ಆಗಿದ್ದರೆ ಸಾಂದ್ರತೆಯನ್ನು 60ಕ್ಕೆ ಏರಿಸಿ ನೋಡಿ.

ಬೆಸುಗೆ ನಿಂತು ಪಕ್ಕದ ಅಂಗಾಂಶ ಹರಿದರೆ ಎರಡು ಅರ್ಥ ಇದೆ. ಹರಿದ ಜಾಗ ಬೆಳ್ಳಗೆ, ಪೆಡಸಾಗಿದ್ದರೆ ನೀವು ಅದನ್ನು ಬೇಯಿಸಿದ್ದೀರಿ. ಮೆತ್ತಗೆ, ಮೊದಲಿನ ಬಣ್ಣದಲ್ಲೇ ಇದ್ದರೆ ನಿಮ್ಮ ಬೆಸುಗೆ ಅಂಗಾಂಶಕ್ಕಿಂತ ಗಟ್ಟಿಯಾಗಿದೆ. ಆ ದಿನದ ಸೋಲ್ಡರ್‌ನ ಅಳತೆ, ಪದರದ ದಪ್ಪ, ಚುಕ್ಕೆಯ ವ್ಯಾಸ, ಫೈಬರ್ ತುದಿಯ ಪವರ್, ಹಿಡಿದ ಸೆಕೆಂಡ್, ಕೋಣೆಯ ಬಿಸಿ ಎಲ್ಲವನ್ನೂ ಅಲ್ಲೇ ಬರೆದಿಡಿ.

ಹಂತ 11: ಕಸ

ಅಂಗಾಂಶದ ತುಂಡುಗಳು ಹಳದಿ ಚೀಲಕ್ಕೆ. ಬ್ಲೇಡ್ ಮತ್ತು ಸೂಜಿಗಳು, ಚುಚ್ಚಿದರೂ ತೂತಾಗದ ಗಟ್ಟಿ ಬಿಳಿ ಡಬ್ಬಿಗೆ. ಮಾಮೂಲಿ ಕಸದ ಬುಟ್ಟಿಗೆ ಏನೂ ಹೋಗಬಾರದು. ಉಳಿದ ಹಸಿರು ಸೋಲ್ಡರ್ ಅನ್ನು ನಾಳೆಗೆ ಅಂತ ಇಡಬೇಡಿ. ನಾಳೆ ಅದು ಹಸಿರಾಗಿಯೇ ಕಾಣಬಹುದು, ಆದರೆ ಮೊದಲಿನಷ್ಟು ಬಿಸಿಯಾಗದಿರಬಹುದು. ಫೈಬರ್ ತುದಿ ಒರೆಸಿ, ಕೀಲಿ ತೆಗೆದು ಲ್ಯಾಬಿನ ಜವಾಬ್ದಾರಿ ಇರುವವರ ಕೈಗೆ ಕೊಡಿ.